ಕ್ಲಬ್‌ನ ಮೂಲ ವೈದ್ಯಕೀಯ ಶಾಲೆ

ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ (ಯುಸಿಡಿ) ಫುಟ್‌ಬಾಲ್ ಕ್ಲಬ್ ಕುರಿತ ಪತ್ರಿಕೆಯ ವರದಿಯಲ್ಲಿ ಕ್ಲಬ್ 1895ರದು, ಯುಸಿಡಿ 1908ರದು ಎಂದಷ್ಟೇ ಇದೆ. ತಾಯಿಗಿಂತ ಮಗಳು ಹಿರಿಯಳೇ ಎಂಬ ಗೊಂದಲ ಸಹಜ.

ಕ್ಯಾಥೊಲಿಕ್ ಧರ್ಮಗುರು ಜಾನ್ ಹೆನ್ರಿ ನ್ಯೂಮನ್ ನೇತೃತ್ವದಲ್ಲಿ 1854ರಲ್ಲಿ ಡಬ್ಲಿನ್‌ನಲ್ಲಿ ಆರಂಭವಾದ ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೆ ಸರ್ಕಾರ ಪದವಿ ನೀಡುವ ಅಧಿಕಾರ ಕೊಡಲಿಲ್ಲ. ಆದರೆ ಸಿಸಿಲಿಯಾ ಬೀದಿಯಲ್ಲಿದ್ದ ಅದರ ವೈದ್ಯಕೀಯ ಶಾಲೆಗೆ ಶಸ್ತ್ರವೈದ್ಯರ ಕಾಲೇಜಿನ ಮಾನ್ಯತೆ ಇದ್ದುದರಿಂದ ಅದು ಗಟ್ಟಿಯಾಗಿ ಬೇರೂರಿತು. ಕ್ಲಬ್ ಹುಟ್ಟಿದ್ದು ಆ ಶಾಲೆಯಲ್ಲಿ. 1908ರ ಐರಿಷ್ ವಿಶ್ವವಿದ್ಯಾಲಯಗಳ ಕಾಯ್ದೆಯ ಬಳಿಕ ಶಾಲೆಯೊಂದಿಗೆ ಕ್ಲಬ್ಬೂ ಯುಸಿಡಿಯ ತೆಕ್ಕೆಗೆ ಬಂತು. 1984ರಲ್ಲಿ ಐರ್ಲೆಂಡ್‌ನ ಎಫ್‌ಎಐ ಕಪ್ ಗೆದ್ದು, ಮುಂದೆ ಯುರೋಪಿಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇಂಗ್ಲೆಂಡ್‌ನ ಎವರ್ಟನ್‌ಗೆ ಎರಡು ಪಂದ್ಯಗಳಲ್ಲಿ ಒಂದೇ ಗೋಲು ಬಿಟ್ಟುಕೊಟ್ಟದ್ದು ಇದೇ ಕ್ಲಬ್. (ಆ ಯುರೋಪಿಯನ್ ಟ್ರೋಫಿ ಕೊನೆಗೆ ಎವರ್ಟನ್‌ನದೇ ಆಯಿತು!)

ವಿಶ್ವವಿದ್ಯಾಲಯದ ತಂಡಗಳ ಸ್ಥಾಪನಾ ವರ್ಷದ ಜೊತೆಗೆ ಆಗಿನ ಮಾತೃಸಂಸ್ಥೆಯ ಹೆಸರನ್ನೂ ಪತ್ರಿಕೆ ಪ್ರಕಟಿಸಲಿ.