‘ಆಗುವುದಿಲ್ಲ’ ಎಂದವರ ಮಾತಿಗೂ ಬೆಲೆಯಿರಲಿ

ಮಾನ್ಯ ಸಂಪಾದಕರೇ,

ಮಾನಸಿಕ ಸ್ವಾಸ್ಥ್ಯದ ಕುರಿತು ಪ್ರಕಟವಾಗುವ ಬರಹಗಳು ಹೆಚ್ಚಾಗಿ ದಣಿದವರಿಗೇ ಬುದ್ಧಿ ಹೇಳುತ್ತವೆ. ಆಗದ ಕೆಲಸಕ್ಕೆ ಆಗುವುದಿಲ್ಲ ಎನ್ನಿ, ನಿಮಗಾಗಿ ಒಂದಿಷ್ಟು ಸಮಯ ಮೀಸಲಿಡಿ ಎಂಬ ಸಲಹೆಯಲ್ಲಿ ತಪ್ಪೇನಿಲ್ಲ. ಆದರೆ ಆ ಮಾತನ್ನು ಕೇಳಿಸಿಕೊಳ್ಳಬೇಕಾದ ಮೇಲಧಿಕಾರಿ, ಹೆತ್ತವರು, ಸಂಗಾತಿ ಅಥವಾ ಸ್ನೇಹಿತರ ಹೊಣೆ ಏನೆಂಬ ಚರ್ಚೆ ಅಪರೂಪ. ಮಿತಿಯನ್ನು ಒಬ್ಬರೇ ಹಾಕಿಕೊಳ್ಳಬಹುದು, ಅದು ಉಳಿಯಬೇಕಾದರೆ ಇನ್ನೊಬ್ಬರೂ ಒಪ್ಪಬೇಕು. ಈ ಪತ್ರ ಆ ಇನ್ನೊಬ್ಬರ ಕುರಿತಾದದ್ದು.

ಮೊದಲಿಗೆ, ಯಾವುದು ಮಿತಿ, ಯಾವುದು ಅಲ್ಲ ಎಂಬಲ್ಲೇ ಗೊಂದಲವಿದೆ. ‘ರಾತ್ರಿ ಒಂಬತ್ತರ ಮೇಲೆ ನಾನು ಕಚೇರಿಯ ಕರೆಗಳನ್ನು ಸ್ವೀಕರಿಸುವುದಿಲ್ಲ’ ಎನ್ನುವವರು ತಮ್ಮ ನಡೆಯನ್ನಷ್ಟೇ ನಿರ್ಧರಿಸಿರುತ್ತಾರೆ. ‘ನೀನು ಹಳೆಯ ಗೆಳತಿಯರೊಂದಿಗೆ ಮಾತನಾಡಕೂಡದು, ಅದು ನನ್ನ ಮಿತಿ’ ಎನ್ನುವವರು ಇನ್ನೊಬ್ಬರ ಬದುಕನ್ನು ಹತೋಟಿಗೆ ತೆಗೆದುಕೊಳ್ಳುತ್ತಿದ್ದಾರೆ, ಅದಕ್ಕೊಂದು ಗೌರವದ ಹೆಸರು ಕೊಟ್ಟಿದ್ದಾರೆ ಅಷ್ಟೇ. ಕುಟುಂಬ ಚಿಕಿತ್ಸೆಯ ಪ್ರವರ್ತಕರಲ್ಲಿ ಒಬ್ಬರಾದ ಸಾಲ್ವಡಾರ್ ಮಿನುಚಿನ್ 1970ರ ದಶಕದಲ್ಲಿಯೇ ಕುಟುಂಬದೊಳಗಿನ ಇಂಥ ಗಡಿಗಳ ಬಗ್ಗೆ ವಿವರಿಸಿದ್ದರು. ಮನೆಯವರ ನಡುವಿನ ಗಡಿಗಳು ತೀರಾ ಬಿಗಿಯಾದರೆ ಕಷ್ಟಕಾಲದಲ್ಲಿಯೂ ಒಬ್ಬರಿಗೊಬ್ಬರು ಒದಗುವುದಿಲ್ಲ. ತೀರಾ ಸಡಿಲವಾದರೆ ಒಬ್ಬರ ಆತಂಕ ಮನೆಮಂದಿಯೆಲ್ಲರ ಆತಂಕವಾಗುತ್ತದೆ.

ಸ್ನೇಹದಲ್ಲಿ ನಡೆಯುವ ಒಂದು ಸಣ್ಣ ಸಂಭಾಷಣೆಯನ್ನೇ ನೋಡೋಣ. ದಿನವೂ ರಾತ್ರಿ ಕರೆ ಮಾಡಿ ಸಂಕಟ ತೋಡಿಕೊಳ್ಳುವ ಗೆಳತಿಗೆ, ‘ಇವತ್ತು ಅರ್ಧ ಗಂಟೆ ಮಾತನಾಡೋಣ, ಆಮೇಲೆ ನಾನು ಮಲಗಬೇಕು’ ಎಂದು ಒಬ್ಬಾಕೆ ಮೆಲ್ಲಗೆ ಹೇಳುತ್ತಾಳೆ. ‘ಸರಿ ಬಿಡು, ನಿನಗೂ ನಾನು ಭಾರವಾದೆ’ ಎಂಬ ಉತ್ತರ ಬರುತ್ತದೆ. ‘ಅಯ್ಯೋ, ಹಾಗಲ್ಲ ಕಣೇ’ ಎಂದು ಸಮಾಧಾನಪಡಿಸಲು ಹೊರಟವಳು ಮತ್ತೆರಡು ಗಂಟೆ ಎದ್ದಿರುತ್ತಾಳೆ. ಕೇಳಿದ್ದಕ್ಕಿಂತ ಹೆಚ್ಚು ಸಮಯ ಕೊಟ್ಟ ಮೇಲೂ ತಪ್ಪಿತಸ್ಥ ಭಾವ ಅವಳದೇ! ಇಂಥಲ್ಲಿ ಒಮ್ಮೆ ಗಟ್ಟಿಯಾಗಿ ನಿಂತು ಮತ್ತೊಮ್ಮೆ ಮಣಿದರೆ ಒತ್ತಾಯ ಇನ್ನಷ್ಟು ಬಲಿಯುತ್ತದೆ ಎಂಬುದು ವರ್ತನಾ ಮನೋವಿಜ್ಞಾನದ ಹಳೆಯ ತಿಳಿವಳಿಕೆ. ಯಾವಾಗಲೋ ಒಮ್ಮೆ ಫಲ ಕೊಡುವ ನಡವಳಿಕೆ, ಪ್ರತಿಸಲವೂ ಫಲ ಕೊಡುವುದಕ್ಕಿಂತ ಗಟ್ಟಿಯಾಗಿ ಬೇರೂರುತ್ತದೆ. ಫಲ ಪೂರ್ತಿ ನಿಂತಾಗಲೂ ಆ ನಡವಳಿಕೆ ತಗ್ಗುವ ಮೊದಲು ಕೆಲಕಾಲ ಏರುವುದುಂಟು. ಆದ್ದರಿಂದ ಮಿತಿ ಹೇಳಿದ ಮೊದಲ ವಾರಗಳಲ್ಲಿ ಸಂಬಂಧ ಹದಗೆಟ್ಟಂತೆ ಕಂಡರೆ ಹೆದರಿ ಹಿಂದೆಗೆಯಬೇಕಾಗಿಲ್ಲ. ಕರೆ ಮಾಡಿದವರು ಜೀವ ತೆಗೆದುಕೊಳ್ಳುವ ಮಾತಾಡಿದರೆ ಮಾತ್ರ ಈ ಲೆಕ್ಕಾಚಾರ ಅನ್ವಯಿಸದು. ಆಗ ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ತಜ್ಞರ ನೆರವು ದೊರಕಿಸಬೇಕು.

ಉದ್ಯೋಗದ ವಿಷಯ ಬಂದಾಗ ಹೊಣೆಯ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಗೆ 2019ರಲ್ಲಿ ಅನುಮೋದನೆ ದೊರೆತು, 2022ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ ‘ಬರ್ನ್‌ಔಟ್’ ಅನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದೆ ಉಳಿದ ಕೆಲಸದ ಸ್ಥಳದ ದೀರ್ಘಕಾಲದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ಗುರುತಿಸಲಾಗಿದೆ. ಶಕ್ತಿಯೆಲ್ಲ ಬತ್ತಿಹೋದ ಭಾವ, ಕೆಲಸದ ಬಗ್ಗೆ ಸಿನಿಕತನ ಮತ್ತು ಕುಗ್ಗಿದ ಕಾರ್ಯಕ್ಷಮತೆ ಅದರ ಮೂರು ಲಕ್ಷಣಗಳು. ಮೂಲ ಕಾರಣವೇ ಕೆಲಸದ ಸ್ಥಳದಲ್ಲಿರುವಾಗ ಉದ್ಯೋಗಿಯೊಬ್ಬರೇ ಗಟ್ಟಿಯಾಗಬೇಕೆಂದು ಬಯಸುವುದು ನ್ಯಾಯವಲ್ಲ. ಹಗಲು ಧ್ಯಾನದ ಶಿಬಿರ ನಡೆಸಿ ಮಧ್ಯರಾತ್ರಿ ಸಂದೇಶ ಕಳುಹಿಸುವ ಸಂಸ್ಥೆಗಳಿಗೆ ಶಿಬಿರದ ಖರ್ಚಾದರೂ ಏಕೆ ಬೇಕೋ ತಿಳಿಯದು. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಅವಧಿಯ ನಂತರ ಸಂಪರ್ಕದಿಂದ ದೂರವಿರುವ ಹಕ್ಕಿಗೆ ಕಾನೂನಿನ ಬಲವಿದೆ. ಆಸ್ಟ್ರೇಲಿಯಾದ ಕಾನೂನಿನ ಪ್ರಕಾರ, ನಿರಾಕರಣೆ ಅಸಮಂಜಸವಾಗಿಲ್ಲದಿದ್ದರೆ ಉದ್ಯೋಗಿಯು ಅಂಥ ಕರೆ, ಸಂದೇಶಗಳಿಗೆ ಉತ್ತರಿಸಬೇಕಾಗಿಲ್ಲ. ವಿನಯದಿಂದ ಕೇಳಿದರೆ ಸಿಗದೇ ಹೋದದ್ದಕ್ಕೇ ಕಾನೂನು ಬೇಕಾಯಿತು ಎಂಬುದನ್ನು ಗಮನಿಸಬೇಕು.

ಕೇಳಿಸಿಕೊಳ್ಳುವವರು ಮಾಡಬೇಕಾದದ್ದು ಬಹಳವೇನಿಲ್ಲ. ನಿರಾಕರಿಸಿದವರನ್ನು ಕಾರಣ ಕೇಳಿ ಪೀಡಿಸಬಾರದು, ಏಕೆಂದರೆ ಕಾರಣ ಹೊರಬಿದ್ದೊಡನೆ ಅದು ಸಾಕೋ ಸಾಲದೋ ಎಂಬ ಚೌಕಾಸಿ ಶುರುವಾಗುತ್ತದೆ. ಮನಸ್ಸಿಗೆ ನೋವಾಗುವುದು ಸಹಜ, ಆದರೆ ಆ ನೋವನ್ನು ಮಿತಿ ಹೇಳಿದವರ ಮೇಲೆ ಹೊರಿಸದೆ ಒಂದು ದಿನ ಸುಮ್ಮನಿರಲು ಯಾರಿಂದಲೂ ಸಾಧ್ಯ. ಇನ್ನು ಆರ್ಥಿಕವಾಗಿ ಪೂರ್ತಿ ಪರಾಧೀನರಾದವರಿಗೆ, ಮನೆಯೊಳಗೇ ಹಿಂಸೆ ಅನುಭವಿಸುತ್ತಿರುವವರಿಗೆ ‘ದೃಢವಾಗಿ ಹೇಳಿಬಿಡಿ’ ಎಂಬ ಸಲಹೆ ಅಪಾಯವನ್ನೇ ತಂದೊಡ್ಡಬಹುದು. ಅವರಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ ಮತ್ತು ಜೊತೆಗೆ ನಿಲ್ಲುವ ಜನ.

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಮುಂದೆ ಈ ವಿಷಯದ ಕುರಿತು ಬರೆಸುವಾಗ, ಒಂದು ಲೇಖನವನ್ನಾದರೂ ಕೆಲಸ ಹಂಚುವವರಿಗಾಗಿ ಮತ್ತು ಬೆಳೆದ ಮಕ್ಕಳ ಹೆತ್ತವರಿಗಾಗಿಯೇ ಬರೆಸಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬರು