ಒಳ್ಳೆಯ ನಡತೆಗೆ ವರ್ಷಕ್ಕೊಂದು ಬಹುಮಾನ ಸಾಲದು

ಮಾನ್ಯ ಸಂಪಾದಕರೇ,

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಮುಂಬಯಿಯ ನಮ್ಮ ಕನ್ನಡ ಸಂಘ-ಸಂಸ್ಥೆಗಳು ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಗೌರವಿಸುವ ರೂಢಿಯಿದೆ. ಅದು ಇರಲಿ. ನಡತೆಯ ವಿಷಯಕ್ಕೆ ಬಂದರೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಕೊಡುವ ‘ಆದರ್ಶ ವಿದ್ಯಾರ್ಥಿ’ ಬಹುಮಾನವೊಂದನ್ನು ಬಿಟ್ಟರೆ ಬೇರೆ ಮನ್ನಣೆ ಕಾಣುವುದಿಲ್ಲ. ಅದೂ ಬಹುಮಟ್ಟಿಗೆ ಯಾರಿಗೂ ತೊಂದರೆ ಕೊಡದೆ ಸುಮ್ಮನೆ ಕುಳಿತಿದ್ದ ಮಗುವಿನ ಪಾಲಾಗುತ್ತದೆ. ಸದಾ ಗದ್ದಲ ಮಾಡುವ ಹುಡುಗನೊಬ್ಬ ಒಂದು ದಿನ ತಾನಾಗಿಯೇ ಸಹಪಾಠಿಗೆ ತನ್ನ ಸರದಿ ಬಿಟ್ಟುಕೊಟ್ಟರೆ, ಮೆಚ್ಚುಗೆಯ ಅಗತ್ಯ ನಿಜವಾಗಿ ಅವನಿಗಿದೆ, ಮತ್ತು ಅದು ಆಗಲೇ ಸಿಗಬೇಕು.

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಟ್ಟ ಶಿಕ್ಷಕರಿಗೆ ಅದರ ಬದಲು ಏನು ಮಾಡಬೇಕೆಂದು ಹೇಳಿಕೊಟ್ಟವರು ಕಡಿಮೆ. ಹೀಗಾಗಿ ‘ಗುಡ್’, ‘ವೆರಿಗುಡ್’, ‘ಶಾಬಾಸ್’ ಎಂಬ ಮಾತುಗಳೇ ತರಗತಿಯ ತುಂಬ ಓಡಾಡುತ್ತವೆ, ಆದರೆ ತಾನು ಮಾಡಿದ್ದರಲ್ಲಿ ಯಾವುದು ಮೆಚ್ಚುಗೆಯಾಯಿತೆಂದು ಮಗುವಿಗೆ ತಿಳಿಯುವುದೇ ಇಲ್ಲ. ‘ಗಂಟೆ ಹೊಡೆದ ಮೇಲೂ ನೂಕದೆ ನಿಂತೆ, ಅದರಿಂದ ಚಿಕ್ಕ ಮಕ್ಕಳು ಬೀಳದೆ ಮೆಟ್ಟಿಲು ಇಳಿದರು’ ಎಂದು ಹೇಳಿದರೆ, ಮಾಡಿದ ಕೆಲಸವೂ ಅದರಿಂದ ಇತರರಿಗಾದ ಉಪಕಾರವೂ ಮಗುವಿಗೆ ಸ್ಪಷ್ಟವಾಗುತ್ತವೆ. ಇಷ್ಟು ಹೇಳಲು, ಅರವತ್ತು ಮಕ್ಕಳಿರುವ ತರಗತಿಯಲ್ಲಿಯೂ, ಹೆಚ್ಚು ಸಮಯ ಬೇಕಾಗದು.

‘ನೀನು ಜಾಣ’, ‘ನೀನು ಒಳ್ಳೆಯ ಹುಡುಗಿ’ ಎಂದು ಮಗುವಿಗೆ ಹೆಸರಿಟ್ಟು ಹೊಗಳುವುದರಲ್ಲಿ ಅಪಾಯವೂ ಇದೆ. ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಐದನೆಯ ತರಗತಿಯ ಮಕ್ಕಳು ಮುಂದಿನ ಸಲ ಸುಲಭದ ಕೆಲಸವನ್ನೇ ಆರಿಸಿಕೊಳ್ಳಲು ಹೆಚ್ಚು ಒಲವು ತೋರಿದರು. ಪಟ್ಟ ಶ್ರಮಕ್ಕಾಗಿ ಮೆಚ್ಚುಗೆ ಪಡೆದವರು ಕಲಿಯಲು ಅವಕಾಶವಿರುವ ಕಷ್ಟದ ಕೆಲಸದತ್ತ ಹೋದರು. ತಮಗೆ ಬಂದ ಅಂಕಗಳನ್ನು ಹೆಚ್ಚಿಸಿ ಹೇಳಿಕೊಂಡವರ ಪ್ರಮಾಣವೂ ಮೊದಲನೆಯ ಗುಂಪಿನಲ್ಲೇ ಜಾಸ್ತಿಯಿತ್ತು. ಅದು ಒಗಟು ಬಿಡಿಸುವ ಪ್ರಯೋಗವಾದರೂ ನಡತೆಗೂ ಅನ್ವಯಿಸುತ್ತದೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ‘ಒಳ್ಳೆಯವನು’ ಎಂಬ ಪಟ್ಟವನ್ನು ಉಳಿಸಿಕೊಳ್ಳಲು ಮಗು ತಪ್ಪನ್ನು ಮುಚ್ಚಿಡಲು ಕಲಿಯಬಹುದು. ಇನ್ನು ಚಾಕಲೇಟು, ನಕ್ಷತ್ರದ ಚೀಟಿಗಳ ಆಮಿಷವನ್ನು ಮೊದಲೇ ಒಡ್ಡುವುದನ್ನಂತೂ ಆದಷ್ಟು ಕಡಿಮೆ ಮಾಡಬೇಕು. ಸಿಕ್ಕದ ದಿನ ನಡತೆಯೂ ನಿಂತೀತು.

ಒಬ್ಬರ ಹೊಗಳಿಕೆಯನ್ನು ಇನ್ನೊಬ್ಬರ ಬೈಗುಳವಾಗಿ ಬಳಸುವ ನಮ್ಮ ಹಳೆಯ ಚಾಳಿಯೂ ಹೋಗಬೇಕು. ‘ಅವಳನ್ನು ನೋಡಿ ಕಲಿಯಿರಿ’ ಎಂದ ಮರುಗಳಿಗೆಯಿಂದ ಆ ಹುಡುಗಿ ಎಲ್ಲರ ಗೇಲಿಗೆ ಗುರಿಯಾಗುತ್ತಾಳೆ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗಂತೂ ಎಲ್ಲರೆದುರು ಹೊಗಳಿಸಿಕೊಳ್ಳುವುದು ಮುಜುಗರದ ಸಂಗತಿ. ಅಂಥವರ ಬೆಂಚಿನ ಬಳಿ ನಿಂತು ಮೆಲುದನಿಯಲ್ಲಿ ಹೇಳಿದರೆ ಸಾಕು. ಡೈರಿಯಲ್ಲಿ ಒಂದು ಸಾಲು ಬರೆದು ಕಳುಹಿಸಿದರೆ ಇನ್ನೂ ಉತ್ತಮ. ಇಲ್ಲಿನ ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ, ದಿನಗೂಲಿಯ ಮೇಲೆ ಬದುಕುವ ತಂದೆತಾಯಿಗಳಿಗೆ ‘ರಿಮಾರ್ಕ್’ ಎಂದರೆ ದೂರು ಎಂದೇ ಅರ್ಥವಾಗಿರುವುದು ವಿಷಾದದ ಸಂಗತಿ.

ಆದುದರಿಂದ ಶಿಕ್ಷಕರಿಗಾಗಿ ಶಿಬಿರ, ಕಾರ್ಯಾಗಾರಗಳನ್ನು ಏರ್ಪಡಿಸುವ ಇಲ್ಲಿನ ಕನ್ನಡ ಸಂಸ್ಥೆಗಳು ಒಂದು ಅವಧಿಯನ್ನು ಈ ವಿಷಯಕ್ಕೆ ಮೀಸಲಿಡಬೇಕೆಂದು ವಿನಂತಿಸುತ್ತೇನೆ. ಅಲ್ಲಿ ಭಾಷಣ ಬೇಡ. ತಮ್ಮ ತರಗತಿಯ ಅತ್ಯಂತ ತುಂಟ ಮಗು ಕಳೆದ ವಾರ ಸರಿಯಾಗಿ ಮಾಡಿದ ಒಂದು ಕೆಲಸವನ್ನು ನೆನಪಿಸಿಕೊಂಡು, ಆ ಮಗುವಿಗೆ ಹೇಳಬಹುದಾದ ವಾಕ್ಯವನ್ನು ಪ್ರತಿಯೊಬ್ಬ ಶಿಕ್ಷಕರೂ ಬರೆಯಲಿ.

ಇತಿ,
ನಿವೃತ್ತ ಶಿಕ್ಷಕಿ
ಮಾಟುಂಗಾ, ಮುಂಬಯಿ