42 ಹೆಜ್ಜೆ ಎಣಿಸಿದ್ದು ದೊಡ್ಡವ್ವ

ಹೋದ ಭಾನುವಾರದ ವಿಡಿಯೋ ನೋಡಿ ಎಷ್ಟೊಂದು ಜನ ಫೋನು ಮಾಡಿದ್ದೀರಿ, ಮೆಸೇಜು ಹಾಕಿದ್ದೀರಿ. ಒಬ್ಬೊಬ್ಬರಿಗೂ ಉತ್ತರ ಕೊಡೋಕೆ ಆಗಿಲ್ಲ, ಬೇಜಾರು ಮಾಡ್ಕೋಬೇಡಿ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ವಿಡಿಯೋ ನೋಡದವರಿಗೆ ವಿಷಯ ಇಷ್ಟು. ಮಗಳು ಹುಬ್ಬಳ್ಳಿ ಸ್ಟೇಷನ್ನಿನ ಆ ಉದ್ದನೆಯ ಪ್ಲಾಟ್‌ಫಾರಂ ಮೇಲೆ ವಾಕರ್ ಬಿಟ್ಟು, ಯಾರ ಕೈಯನ್ನೂ ಹಿಡಿಯದೆ, ಹಿಮ್ಮಡಿ ಊರಿ ನಡೆದಳು. ಅದೇ ಪ್ಲಾಟ್‌ಫಾರಂ ಯಾಕೆ ಅಂದರೆ, ಅದು 1507 ಮೀಟರ್ ಇದೆ, ಜಗತ್ತಿನಲ್ಲೇ ಎಲ್ಲಕ್ಕಿಂತ ಉದ್ದ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಅವತ್ತಿನಿಂದ "ನಾ ಅಲ್ಲೇ ನಡ್ಯಾಕಿ" ಅಂತ ಹಟ. ಅವಳು ನಡೆದದ್ದು ಹೆಚ್ಚೆಂದರೆ ಹನ್ನೆರಡು ಮೀಟರ್ ಇರಬಹುದು. ಉಳಿದದ್ದನ್ನು ದಸರಾ ಸೂಟಿಯಲ್ಲಿ ಮುಗಿಸ್ತಾಳಂತೆ.

ಅವಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗೆ ಪೆಟ್ಟಾಗಿ ಕಾಲಿನ ಸ್ನಾಯು ಬಿಗಿಯೋದು, ಅದಕ್ಕೇ ತುದಿಗಾಲಲ್ಲೇ ನಿಲ್ಲುತ್ತಿದ್ದಳು. ಹುಟ್ಟಿದಾಗ ಏನಾಯಿತು, ಯಾವ ಡಾಕ್ಟರು ಏನಂದರು, ಅದೆಲ್ಲ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇದೆ. ಮತ್ತೆ ಕೆದಕಲ್ಲ. ಮೂರು ತಿಂಗಳಲ್ಲಿ ಓಡಾಡೋ ಹಾಗೆ ಮಾಡ್ತೀವಿ ಅಂತ ಎಣ್ಣೆ ತಿಕ್ಕಿ ದುಡ್ಡು ತಗೊಂಡವರ ವಿಷಯವನ್ನೂ ಬಿಡೋಣ. ಆ ದುಡ್ಡಿಗೆ ಎಳ್ಳು ನೀರು ಬಿಟ್ಟಾಗಿದೆ.

ಲಾರಿ ಓಡಿಸಿ ಮನೆಗೆ ಬಂದ ದಿನವೂ ಮಲಗದೆ ಮಗಳನ್ನು ಹೆಗಲ ಮೇಲೆ ಹೊತ್ತ ನನ್ನ ಯಜಮಾನರು, ವಾರಕ್ಕೆರಡು ದಿನ ನಾವು ಗದಗದಿಂದ ಹುಬ್ಬಳ್ಳಿಗೆ ಥೆರಪಿಗೆ ಹೋದಾಗ ಚಿಕ್ಕವನನ್ನು ನೋಡಿಕೊಂಡ ಅತ್ತೆ, ಕಾಲು ನೇತಾಡದ ಹಾಗೆ ತಗ್ಗಿನ ಖುರ್ಚಿ ಮಾಡಿಸಿಕೊಟ್ಟ ಶಾಲೆಯ ಅಕ್ಕೋರು, 2016ರ ಕಾಯ್ದೆಯಲ್ಲಿರುವ 21 ಅಂಗವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು, ಕಾರ್ಡು ಮಾಡಿಸ್ರಿ ಅಂತ ತಾವೇ ಫಾರ್ಮ್ ತುಂಬಿಕೊಟ್ಟ ಆಫೀಸಿನ ಮೇಡಂ, ಬೂಟಿನ ತುದಿ ತಿಂಗಳಿಗೊಮ್ಮೆ ಸವೆದು ಹೋದಾಗೆಲ್ಲ ಟೈರಿನ ತುಂಡು ಅಂಟಿಸಿ ಕೊಟ್ಟ ಚಪ್ಪಲಿ ಹೊಲಿಯುವ ಕಾಕಾ, ನಿಮಗೆಲ್ಲ ಕೈಮುಗಿದು ಥ್ಯಾಂಕ್ಸ್. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೂ ಒಂದು ಥ್ಯಾಂಕ್ಸ್, ನಗಬೇಡಿ. ಅಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಎತ್ತರ, ವಾಕರ್ ಸೀದಾ ಒಳಗೆ ಹೋಗುತ್ತೆ. ಬೇರೆ ಬಸ್ಸಿನ ಮೆಟ್ಟಿಲು ಹತ್ತಿಸಿದ ತಾಯಂದಿರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತು.

ಥೆರಪಿ ಮೇಡಂ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕಂದರೆ "ಯಾವ ಎಕ್ಸರ್‌ಸೈಜ್ ಮಾಡಿಸಿದ್ರಿ" ಅಂತ ಹತ್ತಾರು ಜನ ಕೇಳಿದ್ದೀರಿ. ಅವರ ಹತ್ತಿರ ಹೋಗುವ ಮೊದಲು ನಾನು ಪಾದದ ಮುಂಭಾಗ ಹಿಡಿದು ಮೇಲಕ್ಕೆ ಒತ್ತುತ್ತಿದ್ದೆ, ಮೊಣಕಾಲು ಬಗ್ಗಿರುತ್ತಿತ್ತು, ಬೇಗ ಮುಗಿಯಲಿ ಅಂತ ಗಡಿಬಿಡಿ ಬೇರೆ. ಮೂರೂ ತಪ್ಪು. ಮೀನಖಂಡದ ದೊಡ್ಡ ಸ್ನಾಯು ಮೊಣಕಾಲಿನ ಮೇಲಿಂದ ಶುರುವಾಗುತ್ತೆ, ಮೊಣಕಾಲು ನೆಟ್ಟಗಿದ್ದರೇನೇ ಅದು ಪೂರ್ತಿ ಹಿಗ್ಗೋದು. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಕೆಳಗೆ ಎಳೀಬೇಕು, ಬರೀ ಮುಂಗಾಲು ಒತ್ತಿದರೆ ಪಾದ ನಡುವೆ ಬಾಗುತ್ತೆ, ಹಿಮ್ಮಡಿ ಇದ್ದಲ್ಲೇ ಇರುತ್ತೆ. ಇಂಥ ಮಕ್ಕಳ ಸ್ನಾಯುವನ್ನು ಝಟ್ಟನೆ ಎಳೆದರೆ ಅದು ತಿರುಗಿ ಇನ್ನೂ ಬಿಗೀತದೆ. ನಿಧಾನಕ್ಕೆ ಎಳೆದು, ತಡೆ ಸಿಕ್ಕಲ್ಲಿ ನಿಲ್ಲಿಸಿ, ಹಾಗೇ ಹಿಡಿದಿರಬೇಕು.

ಅವರು ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದರು. ಕೈಯಲ್ಲಿ ದಿನಕ್ಕೆ ಹತ್ತು ನಿಮಿಷ ಎಳೆದದ್ದರಿಂದಲೇ ಮಗು ನಡೆದುಬಿಡುತ್ತೆ ಅಂತ ಅಂದ್ಕೋಬೇಡಿ ಅಂದರು. ಮಿದುಳಿಗೆ ಆದ ಪೆಟ್ಟು ಬೆಳೆಯಲ್ಲ, ಆದರೆ ಮಗು ಬೆಳೀತದೆ, ಎಲುಬು ಉದ್ದ ಆಗ್ತದೆ, ಬಿಗಿದ ಸ್ನಾಯು ಅದರ ಸಮ ಬೆಳೆಯಲ್ಲ. ಅದಕ್ಕೇ ಅವಳು ಆರು ತಿಂಗಳು ಚೆನ್ನಾಗಿದ್ದು ಒಮ್ಮೆಲೇ ಉದ್ದ ಆದಾಗ ಮತ್ತೆ ತುದಿಗಾಲಿಗೆ ಬಂದದ್ದು. ನಾನೇ ಸರಿಯಾಗಿ ಮಾಡಿಸಲಿಲ್ಲ ಅಂತ ಅವಾಗ ಎಷ್ಟು ಅತ್ತಿದ್ದೆ. ಸ್ಪ್ಲಿಂಟ್, ಅಂದರೆ ಪಾದ ಬಾಗದ ಹಾಗೆ ಹಿಡಿದಿಡೋ ಪಟ್ಟಿ, ಗಂಟೆಗಟ್ಟಲೆ ಹಾಕಬೇಕು, ಜೊತೆಗೆ ಶಕ್ತಿ ಬರಬೇಕು: ಸಣ್ಣ ಸ್ಟೂಲಿನಿಂದ ಏಳೋದು ಕೂಡೋದು, ಮೆಟ್ಟಿಲು ಹತ್ತೋದು, ಮುಖ್ಯವಾಗಿ ನಡೆಯೋದು. ನಡೆಯೋದನ್ನು ನಡೆದೇ ಕಲೀಬೇಕು ಅಂತಾರೆ ಅವರು. ಆದ್ದರಿಂದ ದಯವಿಟ್ಟು ನಾನು ಬರೆದದ್ದನ್ನು ಓದಿ ಮನೆಯಲ್ಲಿ ಶುರು ಮಾಡಬೇಡಿ. ನಿಮ್ಮ ಮಗುವಿನ ಕಾಲೇ ಬೇರೆ.

ಈಗ ದೊಡ್ಡವ್ವ.

ರಕ್ತಸಂಬಂಧ ಏನೂ ಇಲ್ಲ. ಗದಗದ ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆ, ಕುಳಿಮಗ್ಗದ ಮುಂದೆ ನಲವತ್ತು ವರ್ಷ ಕೂತವಳು. ಓಣಿಗೆಲ್ಲ ದೊಡ್ಡವ್ವ. ಮಗಳು ಸಣ್ಣವಳಿದ್ದಾಗಿನಿಂದ ಮಗ್ಗದ ಪಕ್ಕ ಕೂತು ಲಾಳಿ ಓಡೋದನ್ನು ನೋಡ್ತಿದ್ದಳು, ಅಷ್ಟೇ ಪರಿಚಯ. ಡಾಕ್ಟರು ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿದ ದಿನದವರೆಗೆ.

ಬಿಗಿದ ಸ್ನಾಯು ಹಿಗ್ಗಲಿ ಅಂತ ಪ್ಲಾಸ್ಟರ್. ವಾರಕ್ಕೊಮ್ಮೆ ಬಿಚ್ಚಿ, ಪಾದವನ್ನು ಇನ್ನಷ್ಟು ಮೇಲಕ್ಕೆ ತಂದು ಮತ್ತೆ ಹಾಕೋದು, ಹೀಗೆ ಮೂರು ಸಲ. ಮೊದಲನೇ ರಾತ್ರಿ ಯಜಮಾನರು ಗೋವಾ ದಾರಿಯಲ್ಲಿದ್ದರು. ಬೆರಳು ನೋಡ್ತಾ ಇರಿ, ಉಗುರು ಒತ್ತಿದರೆ ಬೆಳ್ಳಗಾಗಿ ತಕ್ಷಣ ಕೆಂಪು ಬರಬೇಕು, ತಣ್ಣಗಾದರೆ ನೀಲಿಯಾದರೆ ಕೂಡಲೇ ಬನ್ನಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಬೆರಳು ಸರಿಯಾಗೇ ಇತ್ತು. ಆದರೆ ಒಳಗೆ ಕಾಲು ಸೆಟೆದು ಸೆಟೆದು ಅವಳು ಚೀರಿದ ಚೀರಾಟಕ್ಕೆ ಓಣಿಯ ನಾಯಿಗಳೂ ಬೊಗಳೋಕೆ ಶುರು ಮಾಡಿದವು. ಆಗ ಎದ್ದು ಬಂದವಳು ದೊಡ್ಡವ್ವ. ನಾನು ಬಚ್ಚಲಿನಿಂದ ಬಕೆಟ್ ತುಂಬ ನೀರು ತಂದಿಟ್ಟಿದ್ದೆ. ಪ್ಲಾಸ್ಟರ್ ನೆನೆಸಿ ಕಿತ್ತೇ ಬಿಡೋಣ ಅಂತ. ಅವಳು ಬಕೆಟ್ ನೋಡಿದಳು, ನನ್ನನ್ನು ನೋಡಿದಳು, ಸುಮ್ನೆ ಅದನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೇ ಸುರಿದು ಬಂದಳು.

ಆಮೇಲೆ ನಾನು ಮಗಳ ಎದುರೇ ಒಂದು ಮಾತು ಆಡಿದೆ. ಏನು ಅಂತ ಇಲ್ಲಿ ಬರೆಯಲ್ಲ. ಯಜಮಾನರಿಗೂ ಹೇಳಿಲ್ಲ, ಇದನ್ನು ಓದಿಯೇ ಗೊತ್ತಾಗಬೇಕು. ಮಗಳು ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. ಅತ್ತಿದ್ದರೇ ಎಷ್ಟೋ ಚೆನ್ನಾಗಿತ್ತು.

ದೊಡ್ಡವ್ವ ನನ್ನ ಕಡೆ ತಿರುಗಲೇ ಇಲ್ಲ. ಮಗಳಿಗೆ ಹೇಳಿದಳು, "ನಿಮ್ಮವ್ವಗ ಮೂರು ದಿನದಿಂದ ನಿದ್ದಿ ಇಲ್ಲ ಕೂಸ. ಅದು ನಿದ್ದಿ ಮಾತಾಡಿದ್ದು, ಆಕಿ ಅಲ್ಲ. ನೀ ನನ್ನ ಕಡೆ ನೋಡು." ಆಮೇಲೆ ನನಗೆ, "ಹೋಗು, ಮಕ್ಕೋ."

ಮಲಗಿಬಿಟ್ಟೆ. ಹೇಗೆ ನಿದ್ದೆ ಬಂತೋ ಗೊತ್ತಿಲ್ಲ. ಎಚ್ಚರ ಆದಾಗ ಬೆಳಗಿನ ಐದೂವರೆ. ಮಗಳು ದೊಡ್ಡವ್ವನ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದಳು, ಕಾಲು ಎರಡು ದಿಂಬಿನ ಮೇಲೆ. ದೊಡ್ಡವ್ವ ಮೊಬೈಲ್ ಬೆಳಕಿನಲ್ಲಿ ಅವಳ ಹೆಬ್ಬೆರಳು ಒತ್ತಿ ನೋಡ್ತಿದ್ದಳು. ಗೋಡೆಯ ಮೇಲೆ ಬಳಪದ ಗೀಟು. ಅರ್ಧ ಗಂಟೆಗೊಂದು, ಒಂಬತ್ತೂವರೆಯಿಂದ. ಹದಿನೇಳು ಗೀಟು ಇದ್ದವು. ಅವಳಿಗೆ ಓದು ಬರಹ ಬರಲ್ಲ, ಆದರೆ ಎಳೆ ಎಣಿಸಿ ಬದುಕಿದವಳು, ಲೆಕ್ಕ ತಪ್ಪಲ್ಲ.

ಅವತ್ತಿನಿಂದ ಕಾಲು ಹಿಡಿಯುವ ಕೆಲಸ ಅವಳದೇ ಆಯಿತು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪ್ಲಾಸ್ಟರ್ ಪೂರ್ತಿ ಬಿಚ್ಚಿದ ಮೇಲೆ ನಮ್ಮ ಜೊತೆ ಹುಬ್ಬಳ್ಳಿಗೆ ಬಂದು ಮೇಡಂ ಹತ್ತಿರ ಕೂತು ಕಲಿತಳು. ಒಂದೇ ಸಲಕ್ಕೆ ಬಂತು. ಮೇಡಂಗೇ ಆಶ್ಚರ್ಯ. "ಇದೇನ್ರಿ ಹೊಸಾದು, ಹಾಸಿನ ಎಳಿ ಜಗ್ಗಿದಂಗ. ಅವಸರ ಮಾಡಿದ್ರ ಹರೀತೈತಿ, ಸಡಲ ಬಿಟ್ರ ಬಟ್ಟಿ ಆಗೂದಿಲ್ಲ," ಅಂದಳು. ನನ್ನ ಕೈಯಲ್ಲಿ ಅಳುವ ಮಗು ಅವಳ ಕೈಯಲ್ಲಿ ಕಥೆ ಕೇಳುತ್ತಿತ್ತು. ಹೊಟ್ಟೆಕಿಚ್ಚು ಆಯಿತಾ ಅಂದರೆ ಆಯಿತು, ಸುಳ್ಳು ಯಾಕೆ. ದಿನಾ ಬೆಳಗ್ಗೆ ಆರೂವರೆಗೆ, ಮಗ್ಗಕ್ಕೆ ಕೂಡುವ ಮೊದಲು. ರಾತ್ರಿ ಊಟ ಆದಮೇಲೆ ಮತ್ತೊಮ್ಮೆ. ಎರಡು ವರ್ಷದಲ್ಲಿ ತಪ್ಪಿದ್ದು ಅವಳ ಅಣ್ಣ ತೀರಿಕೊಂಡಾಗ ಐದು ದಿನ. ಮಧ್ಯಾಹ್ನ ಮಗಳನ್ನು ಮಗ್ಗದ ಮುಂದೆ ಕೂರಿಸಿಕೊಂಡು ಕಾಲಲ್ಲಿ ತುಳಿಯುವ ಹಲಗೆ ತುಳಿಸೋಳು. ಇದನ್ನು ಹೆದರುತ್ತಲೇ ಮೇಡಂಗೆ ಹೇಳಿದೆ, ಅವರು ಒಳ್ಳೇದೇ, ಪಾದ ಪೂರ್ತಿ ಊರಲಿ ಅಂದರು.

ದುಡ್ಡು ಕೊಡೋಕೆ ಹೋದೆ ಒಂದು ಸಲ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮಗಳ ಜೊತೆ ಬಿಡಲಿಲ್ಲ.

ಭಾನುವಾರ ಸ್ಟೇಷನ್ನಿಗೆ ಬರಲ್ಲ ಅಂದಿದ್ದಳು, ನೇಯ್ಗೆ ಅರ್ಧ ಇದೆ ಅಂತ. ಮಗಳು ಬಿಡಲಿಲ್ಲ. ವಿಡಿಯೋದಲ್ಲಿ ಹಿಂದಿನಿಂದ "ಮೂವತ್ತೊಂಬತ್ತು, ನಲವತ್ತು" ಅಂತ ಕೇಳುತ್ತಲ್ಲ, ಅದು ಅವಳ ದನಿ. ನಾನು ಹತ್ತರ ಆಚೆ ಎಣಿಸೋಕೆ ಆಗದೆ ಬಿಟ್ಟಿದ್ದೆ. ವಿಡಿಯೋ ಅಲ್ಲಾಡಿದ್ದು ಯಾಕೆ ಅಂತ ಕೇಳಿದವರಿಗೆ ಉತ್ತರ ಅದೇ. 42ಕ್ಕೆ ಮಗಳು ವಾಲಿದಳು, ಪಕ್ಕದಲ್ಲಿ ಚಹಾ ಮಾರುವ ಹುಡುಗ ಕೆಟಲ್ ಕೆಳಗಿಟ್ಟು ಓಡಿ ಬಂದ. ಅವನಿಗಿಂತ ಮೊದಲು ದೊಡ್ಡವ್ವ ಹಿಡಿದಿದ್ದಳು.

ಅವಳ ಫೋನಿನಲ್ಲಿ ಇದೆಲ್ಲ ಬರಲ್ಲ. ನಾನೇ ಓದಿ ಹೇಳಬೇಕು. ಮೊನ್ನೆ ಅರ್ಧ ಬರೆದದ್ದನ್ನು ಓದೋಕೆ ಹೋದೆ, ನಾಲ್ಕು ಸಾಲಿಗೇ ತಡೆದಳು. "ಅದೇನರ ಬರ್ಕೋ. ಕೂಸಿಗೆ ಕಾಲಿಂದು ಹಾಕಿದ್ಯೋ ಇಲ್ಲೋ?"

ಇವತ್ತು ಸ್ಪ್ಲಿಂಟ್ ಇನ್ನೂ ಹಾಕಿಲ್ಲ. ಬರೀತಾ ಕೂತು ಒಂಬತ್ತೂವರೆ ಆಯಿತು. ಬಾಗಿಲಲ್ಲಿ ಚಪ್ಪಲಿ ಸದ್ದು ಕೇಳ್ತಿದೆ, ಬಂದಳು ಅನ್ಸುತ್ತೆ.